ಪೊಲೀಸರು ಹಿಡಿಯಬಹುದಾ? ಹುಟ್ಟಿನ ಪೌರತ್ವ ಮತ್ತು ಸಂವಿಧಾನದ ಓದು
(ಗಣರಾಜ್ಯೋತ್ಸವದ ಅಂಗವಾಗಿ ಮೈಸೂರಿನಲ್ಲಿ 2026ರ ಜನವರಿಯಲ್ಲಿ ಮಾಡಿದ ಭಾಷಣ)

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನು ಸಂವಿಧಾನ ತಜ್ಞ ಅಂತ ಪರಿಚಯಿಸಿದರು. ಅಷ್ಟೆಲ್ಲ ಇಲ್ಲ. ನಾನು ಕಾನೂನು ಕಾಲೇಜಿನಲ್ಲಿ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು. ಮೇಷ್ಟ್ರ ಕೈಗೆ ಮೈಕ್ ಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಕಾರ್ಯದರ್ಶಿಗಳು ಈಗಲೇ ಗಡಿಯಾರ ನೋಡುತ್ತಿದ್ದಾರೆ.

ಈ ಸಭೆಯಲ್ಲಿ ಎರಡು ಥರದ ಜನ ಕಾಣುತ್ತಿದ್ದಾರೆ. ಮುಂದಿನ ಸಾಲುಗಳಲ್ಲಿ ಕಾನೂನು ವಿದ್ಯಾರ್ಥಿಗಳು. ಹಿಂದಿನ ಸಾಲುಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು. ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಅಲ್ಲಿನ ಪೌರ ಅನ್ನುವುದು ನಡೆದು ಬಂದ ಪದ್ಧತಿ. ಹೋದ ವರ್ಷ ಜನವರಿ 20ರಂದು ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ಒಂದು ಆದೇಶಕ್ಕೆ ಸಹಿ ಹಾಕಿದರು. ಅದಾಗಿ 30 ದಿನದ ನಂತರ ಹುಟ್ಟುವ ಮಗುವಿನ ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ವೀಸಾದ ಮೇಲೋ ಅಲ್ಲಿದ್ದು, ತಂದೆ ಪೌರನೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದರೆ, ಮಗು ಪೌರನಲ್ಲ ಅಂತ. ಎಚ್-1ಬಿ ಅನ್ನುವ ಕೆಲಸದ ವೀಸಾದ ಮೇಲೆ ಹೋದವರ ಮನೆಗಳೆಲ್ಲ ಇದರೊಳಗೆ ಬಂದುಬಿಟ್ಟವು. ದಿನ ತುಂಬುವ ಮೊದಲೇ ಸಿಸೇರಿಯನ್ ಮಾಡಿ ಅಂತ ಭಾರತೀಯ ದಂಪತಿಗಳು ಡಾಕ್ಟರರ ಬೆನ್ನು ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಜ್ಜಿಯರು ಇಲ್ಲಿ ಪಂಚಾಂಗ ನೋಡುತ್ತಿದ್ದರೆ ಅಲ್ಲಿ ಮಕ್ಕಳು ಟ್ರಂಪ್ ಕ್ಯಾಲೆಂಡರ್ ನೋಡುತ್ತಿದ್ದರು.

ಆದೇಶ ಜಾರಿಗೆ ಬರಲಿಲ್ಲ. ಮೂರನೇ ದಿನಕ್ಕೇ ಸಿಯಾಟಲ್‌ನಲ್ಲಿ ಜಡ್ಜ್ ಕಫನೌರ್ ತಡೆದರು. ರೇಗನ್ ನೇಮಿಸಿದ ಜಡ್ಜ್ ಅವರು. ನಾಲ್ಕು ದಶಕ ಪೀಠದಲ್ಲಿ ಕೂತಿದ್ದೇನೆ, ಇಷ್ಟು ಸ್ಪಷ್ಟವಾದ ಪ್ರಶ್ನೆ ಬಂದ ಇನ್ನೊಂದು ಕೇಸು ನೆನಪಾಗುತ್ತಿಲ್ಲ ಅಂದರು. ಆಮೇಲೆ ಅದು ದೇಶಕ್ಕೆಲ್ಲ ಅನ್ವಯಿಸುವ ತಡೆಯಾಜ್ಞೆ ಕೊಡಬಹುದೋ ಬೇಡವೋ ಅನ್ನುವ ಬೇರೆ ಜಗಳವಾಯಿತು. ಅದನ್ನು ಬಿಡೋಣ, ವಕೀಲರಿಗೆ ಮಾತ್ರ ರುಚಿಸುವ ಊಟ ಅದು. ಕಳೆದ ಡಿಸೆಂಬರ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದೆ. ತೀರ್ಪು ಬಂದಿಲ್ಲ. ಬಂದ ಮೇಲೆ ಮಾತಾಡಿದರೆ ಎಲ್ಲರೂ ಜಾಣರೇ. ಅದಕ್ಕೇ ಈಗ ಮಾತಾಡುತ್ತಿದ್ದೇನೆ.

ಪ್ರಶ್ನೆ ಇರುವುದು ಒಂದೇ ವಾಕ್ಯದಲ್ಲಿ. ಅಂತರ್ಯುದ್ಧ ಮುಗಿದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿಸಿದ 14ನೇ ತಿದ್ದುಪಡಿ ಹೇಳುವುದಿಷ್ಟು: ಅಮೆರಿಕದಲ್ಲಿ ಹುಟ್ಟಿದ ಅಥವಾ ಆಮೇಲೆ ಪೌರತ್ವ ಪಡೆದ, ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅಮೆರಿಕದ ಪೌರರು. 'ಅಧಿಕಾರ ವ್ಯಾಪ್ತಿಗೆ ಒಳಪಟ್ಟ' ಅನ್ನುವ ಕಡೆ ಎಲ್ಲ ಜಗಳ. ಸರ್ಕಾರ ಹೇಳುತ್ತದೆ, ಒಳಪಡುವುದು ಅಂದರೆ ಪೂರ್ತಿ ನಿಷ್ಠೆ, ವೀಸಾದ ಮೇಲೆ ಬಂದವರಿಗೆ ಅದು ಇಲ್ಲ ಅಂತ.

ನಾನು ಕ್ಲಾಸಿನಲ್ಲಿ ಇದಕ್ಕೊಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದೆ. ಪೊಲೀಸರು ಹಿಡಿಯಬಹುದಾ? ಅಷ್ಟೇ. ರಾಯಭಾರಿಯನ್ನು ಹಿಡಿಯುವ ಹಾಗಿಲ್ಲ. ಹಾಗಾಗಿ ಅವನ ಮಗು ಪೌರನಲ್ಲ. ದಂಡೆತ್ತಿ ಬಂದು ಊರು ಹಿಡಿದುಕೊಂಡ ಶತ್ರು ಸೈನಿಕನನ್ನು ಹಿಡಿಯಲಾಗುವುದಿಲ್ಲ. ಅವನ ಮಗುವೂ ಅಲ್ಲ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ನಿಮ್ಮ ಮಗ ಕೆಂಪು ದೀಪ ದಾಟಿ ಕಾರು ಓಡಿಸಿದರೆ? ಹಿಡಿಯುತ್ತಾರೆ, ದಂಡ ಹಾಕುತ್ತಾರೆ. ಟ್ಯಾಕ್ಸೂ ಕಟ್ಟಿಸಿಕೊಳ್ಳುತ್ತಾರೆ. ಹಾಗಿದ್ದ ಮೇಲೆ ಅವನು ಒಳಪಟ್ಟವನೇ ಅಲ್ವಾ? ಇನ್ನು ಕಾಗದಪತ್ರ ಇಲ್ಲದೆ ಗಡಿ ದಾಟಿ ಬಂದವನು. ಅವನನ್ನಂತೂ ಹಿಡಿಯುವುದೇ ಸರ್ಕಾರದ ಕೆಲಸವಾಗಿದೆ! ಬೇಡಿ ಹಾಕುವಾಗ ನೀನು ನಮ್ಮ ಅಧಿಕಾರದೊಳಗೆ, ಮಗು ಹುಟ್ಟಿದಾಗ ನೀನು ಹೊರಗೆ. ಇದು ಯಾವ ಲೆಕ್ಕ?

ಇದಕ್ಕೆ ಎದುರು ವಾದವೂ ಇದೆ. ಪರೀಕ್ಷೆಯಲ್ಲಿ ಅದನ್ನು ಬರೆಯದಿದ್ದರೆ ನಾನು ಮಾರ್ಕ್ಸ್ ಕೊಡುತ್ತಿರಲಿಲ್ಲ. 1884ರ ಎಲ್ಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಮೂಲನಿವಾಸಿ ಬುಡಕಟ್ಟಿನಲ್ಲಿ ಹುಟ್ಟಿದ ಜಾನ್ ಎಲ್ಕ್ ಪೌರನಲ್ಲ ಎಂದಿತು. ಅವರು ಒಮಾಹಾ ಪಟ್ಟಣದಲ್ಲಿ ವೋಟಿಗೆ ಹೆಸರು ಬರೆಸಲು ಹೋಗಿದ್ದರು. ನೆಲದ ಮೂಲ ಮಕ್ಕಳಿಗೇ ಆ ನೆಲದ ಪೌರತ್ವವಿಲ್ಲ! ಅವರೆಲ್ಲರಿಗೂ ಅದು ಸಿಕ್ಕಿದ್ದು 1924ರ ಕಾಯ್ದೆಯಿಂದ. ಬುಡಕಟ್ಟುಗಳ ಜೊತೆ ಅಮೆರಿಕ ಒಪ್ಪಂದ ಮಾಡಿಕೊಳ್ಳುತ್ತಿತ್ತು, ಅವರಿಗೆ ಅವರದೇ ಆಡಳಿತವಿತ್ತು ಅನ್ನುವುದು ಕೋರ್ಟಿನ ಕಾರಣ. ಈಗಿನ ಸರ್ಕಾರ ಈ ತೀರ್ಪನ್ನು ಎತ್ತಿ ಹಿಡಿದು, ನೋಡಿ, ಬರೀ ಹುಟ್ಟಿದರೆ ಸಾಲದು ಅನ್ನುತ್ತಿದೆ. ಆದರೆ ಎಚ್-1ಬಿಯವರ ಜೊತೆ ಯಾರೂ ಒಪ್ಪಂದ ಮಾಡಿಕೊಂಡಿಲ್ಲವಲ್ಲ. ಎಲ್ಕ್ ತೀರ್ಪು ಬರೆದವರು ನ್ಯಾಯಮೂರ್ತಿ ಹೊರೇಸ್ ಗ್ರೇ. ಹೆಸರು ನೆನಪಿಟ್ಟುಕೊಳ್ಳಿ, ಈಗ ಮತ್ತೆ ಬರುತ್ತಾರೆ.

ಈಗ ನನ್ನ ಮೆಚ್ಚಿನ ಕಥೆ. ನನ್ನ ಹಳೇ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಒಂದು ಕಾಫಿ ಕುಡಿದು ಬನ್ನಿ, ಬೇಜಾರಿಲ್ಲ.

ವಾಂಗ್ ಕಿಮ್ ಆರ್ಕ್. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಹುಟ್ಟಿದ. ಕೋರ್ಟಿನ ದಾಖಲೆ ಪ್ರಕಾರ 1873ರಲ್ಲಿ. ಅಪ್ಪ ಅಮ್ಮ ಚೀನಾದವರು. ಹುಡುಗ ಅಡುಗೆ ಕೆಲಸ ಕಲಿತ. 1882ರಲ್ಲಿ ಅಮೆರಿಕ ಚೀನೀಯರನ್ನು ಹೊರಗಿಡುವ ಕಾಯ್ದೆ ಮಾಡಿತು. ಚೀನೀ ಕೂಲಿಗಳು ಒಳಗೆ ಬರುವ ಹಾಗಿಲ್ಲ, ಒಳಗಿರುವ ಚೀನೀಯರು ಪೌರರಾಗುವ ಹಾಗಿಲ್ಲ. ವಾಂಗ್ 1890ರಲ್ಲಿ ಚೀನಾಕ್ಕೆ ಹೋಗಿ ಬಂದ. ಪೌರ ಅಂತ ಒಳಗೆ ಬಿಟ್ಟುಕೊಂಡರು. 1894ರಲ್ಲಿ ಮತ್ತೆ ಹೊರಟ. ಹೋಗುವ ಮೊದಲು ಜಾಣತನದಿಂದ ಒಂದು ಕಾಗದ ಮಾಡಿಸಿಕೊಂಡ. ಇವನು ಇಲ್ಲೇ ಹುಟ್ಟಿದವನು ಅಂತ ಬಿಳಿಯ ಸಾಕ್ಷಿಗಳ ಸಹಿ ಇದ್ದ ಕಾಗದ. ಅಡುಗೆಯವನು, ಊರಿಗೆ ಹೋಗಿ ಬರಲು ಸಾಕ್ಷಿ ಜೇಬಿನಲ್ಲಿಟ್ಟುಕೊಂಡು ಹಡಗು ಹತ್ತುತ್ತಾನೆ, ಯೋಚನೆ ಮಾಡಿ.

1895ರ ಆಗಸ್ಟಿನಲ್ಲಿ ಕಾಪ್ಟಿಕ್ ಅನ್ನುವ ಹಡಗಿನಲ್ಲಿ ವಾಪಸ್ ಬಂದ. ಕಸ್ಟಮ್ಸ್ ಅಧಿಕಾರಿ ಕಾಗದ ನೋಡಿದ. ಇಲ್ಲಿ ಹುಟ್ಟಿದ್ದೀಯ, ಒಪ್ಪಿದೆ. ಆದರೆ ನೀನು ಪೌರನಲ್ಲ, ಇಳಿಯಬೇಡ ಅಂದ. ಕಾಪ್ಟಿಕ್ ವಾಪಸ್ ಹೊರಡುವ ಹೊತ್ತಾದಾಗ ಇನ್ನೊಂದು ಹಡಗಿಗೆ ಸಾಗಿಸಿದರು. ಅದು ಹೊರಟಾಗ ಮತ್ತೊಂದಕ್ಕೆ. ಸುಮಾರು ನಾಲ್ಕು ತಿಂಗಳು ಆ ಮನುಷ್ಯ ತನ್ನ ಹುಟ್ಟೂರಿನ ಬಂದರಿನಲ್ಲೇ, ನೀರಿನ ಮೇಲೆ ಬಂದಿ. ಹುಟ್ಟಿದ ಬೀದಿಗೆ ನಡೆದು ಹೋಗಬಹುದಾದಷ್ಟು ದೂರ.

ಚೀನೀ ಸಂಘಗಳು ದುಡ್ಡು ಹಾಕಿ ವಕೀಲರನ್ನು ಇಟ್ಟವು. ಹೇಬಿಯಸ್ ಕಾರ್ಪಸ್ ಹಾಕಿದರು, ಅಂದರೆ ಹಿಡಿದಿಟ್ಟವನನ್ನು ಬಿಡಿಸಿ ಅಂತ ಕೋರ್ಟಿಗೆ ಅರ್ಜಿ. ಜಿಲ್ಲಾ ಕೋರ್ಟಿನಲ್ಲಿ ಗೆದ್ದ. ಸರ್ಕಾರ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರದ ಪರ ವಾದಿಸಿದ ಸಾಲಿಸಿಟರ್ ಜನರಲ್ ಹೋಮ್ಸ್ ಕಾನ್ರಾಡ್, ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸಲು ಹೊರಟಿದ್ದ ದಕ್ಷಿಣದ ಸೈನ್ಯದಲ್ಲಿದ್ದವರು. ಅಂದರೆ ಯುದ್ಧದಲ್ಲಿ ಸೋತು, ಆ ಸೋಲಿನಿಂದ ಹುಟ್ಟಿದ ತಿದ್ದುಪಡಿಯ ಅರ್ಥ ಹೇಳಲು ಬಂದಿದ್ದರು! ನಮ್ಮ ಪುರಾಣದಲ್ಲೂ ಇಂಥ ಪಾತ್ರ ಸಿಗುವುದು ಕಷ್ಟ.

1898ರ ಮಾರ್ಚ್ 28ರಂದು ತೀರ್ಪು. 6-2ರಲ್ಲಿ ವಾಂಗ್ ಗೆದ್ದ. ಬರೆದವರು ಅದೇ ಹೊರೇಸ್ ಗ್ರೇ. ಎಲ್ಕ್‌ಗೆ ಇಲ್ಲ ಅಂದವರೇ ವಾಂಗ್‌ಗೆ ಹೌದು ಅಂದರು. ಹಾಗಾಗಿ ಎಲ್ಕ್ ತೀರ್ಪನ್ನು ವಲಸಿಗರ ಮಕ್ಕಳಿಗೆ ಎಳೆದು ತರುವವರಿಗೆ ನನ್ನ ಉತ್ತರ ಸರಳ. ಬರೆದವರೇ ಎಳೆಯಲಿಲ್ಲ. ಗ್ರೇ ಅವರು ಇಂಗ್ಲಿಷ್ ಕಾನೂನಿನ 1608ರ ಕ್ಯಾಲ್ವಿನ್ ಕೇಸಿನಿಂದ ಹಿಡಿದು ಎಲ್ಲ ಜಾಲಾಡಿ, ಹೊರಗಿರುವವರು ಯಾರು ಅಂತ ಪಟ್ಟಿ ಕೊಟ್ಟರು. ರಾಜರು ಮತ್ತು ರಾಯಭಾರಿಗಳ ಮಕ್ಕಳು, ವಿದೇಶಿ ಸರ್ಕಾರದ ಹಡಗಿನಲ್ಲಿ ಹುಟ್ಟಿದವರು, ಆಕ್ರಮಿಸಿದ ಶತ್ರುವಿನ ಮಕ್ಕಳು, ಬುಡಕಟ್ಟಿನವರು. ಪಟ್ಟಿ ಅಲ್ಲಿಗೆ ಮುಗಿಯಿತು. ನನ್ನ ಪೊಲೀಸ್ ಪರೀಕ್ಷೆ ಹಾಕಿ ನೋಡಿ, ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ.

ಭಿನ್ನಮತದ ಇಬ್ಬರಲ್ಲಿ ಒಬ್ಬರು ಯಾರು ಗೊತ್ತಾ ಮಕ್ಕಳೇ? ಜಾನ್ ಹಾರ್ಲನ್. ಅದಕ್ಕೆ ಎರಡು ವರ್ಷ ಮೊದಲು ಪ್ಲೆಸಿ ಕೇಸಿನಲ್ಲಿ, ಕಪ್ಪು ಜನರನ್ನು ರೈಲಿನ ಬೇರೆ ಡಬ್ಬಿಯಲ್ಲಿ ಕೂರಿಸುವುದು ತಪ್ಪು ಅಂತ ಒಬ್ಬರೇ ನಿಂತವರು. ನೀವೆಲ್ಲ ಗೋಡೆಗೆ ಅಂಟಿಸಿಕೊಳ್ಳುವ ಹಾರ್ಲನ್. ಚೀನೀಯರ ವಿಷಯ ಬಂದಾಗ ಆ ಎದೆಗಾರಿಕೆ ಎಲ್ಲಿ ಹೋಯಿತೋ.

ಗೆದ್ದ ಮೇಲೆ ವಾಂಗ್ ಸುಖವಾಗಿದ್ದ ಅಂದುಕೊಂಡಿರಾ? 1901ರಲ್ಲಿ ಟೆಕ್ಸಾಸ್‌ನ ಎಲ್ ಪಾಸೋದಲ್ಲಿ ಗಡಿಯ ಅಧಿಕಾರಿಗಳು ಮತ್ತೆ ಹಿಡಿದರು. ಯಾವ ಮನುಷ್ಯನ ಹೆಸರಿನಲ್ಲಿ ದೇಶದ ಕಾನೂನು ಇದೆಯೋ ಅವನೇ ಮತ್ತೆ ತಾನು ಪೌರ ಅಂತ ರುಜುವಾತು ಮಾಡಬೇಕಾಯಿತು. 1910ರಲ್ಲಿ ದೊಡ್ಡ ಮಗ ಚೀನಾದಿಂದ ಬಂದಾಗ, ಇವನು ನಿನ್ನ ಮಗನೇ ಅಲ್ಲ ಅಂತ ವಾಪಸ್ ಕಳಿಸಿದರು. ಕಿರಿಯ ಮಗ ಮುಂದೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕಾಗಿ ಸೇವೆ ಮಾಡಿದ.

ಚೀಟಿ ಬಂತು. ಹದಿನೈದು ನಿಮಿಷ ಇದೆಯಂತೆ. ಸರಿ.

ಈಗಿನ ಸರ್ಕಾರದ ವಕೀಲರು ಇನ್ನೊಂದು ವಾದ ಹೂಡುತ್ತಾರೆ. ವಾಂಗ್‌ನ ಅಪ್ಪ ಅಮ್ಮ ಅಲ್ಲಿ ಕಾಯಂ ಮನೆ ಮಾಡಿಕೊಂಡಿದ್ದರು, ಗ್ರೇ ಆ ಮಾತನ್ನು ಮತ್ತೆ ಮತ್ತೆ ಬರೆದಿದ್ದಾರೆ, ಆದ್ದರಿಂದ ತೀರ್ಪು ಅಂಥವರಿಗೆ ಮಾತ್ರ ಅಂತ. ಬರೆದದ್ದು ನಿಜ. ಆದರೆ ತಿದ್ದುಪಡಿಯ ವಾಕ್ಯವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಅಪ್ಪ ಅಮ್ಮನ ಸುದ್ದಿಯೇ ಇಲ್ಲ. ಮಗು ಎಲ್ಲಿ ಹುಟ್ಟಿತು, ಕಾನೂನು ಅದಕ್ಕೆ ತಾಗುತ್ತದೋ ಇಲ್ಲವೋ, ಅಷ್ಟೇ ಕೇಳುತ್ತದೆ. ಸುಮ್ನೆ ಹಾಗೆ ಬರೆದದ್ದಲ್ಲ. 1857ರ ಡ್ರೆಡ್ ಸ್ಕಾಟ್ ತೀರ್ಪು ವಂಶ ನೋಡಿಯೇ ಕಪ್ಪು ಜನರನ್ನು ಹೊರಗಿಟ್ಟಿತ್ತು. ಅದನ್ನು ಅಳಿಸಲು ಬರೆದ ವಾಕ್ಯದಲ್ಲಿ ಮತ್ತೆ ವಂಶ ಕೇಳಿದರೆ ಬರೆದು ಏನು ಬಂತು?

1866ರಲ್ಲಿ ಇದರ ಬಗ್ಗೆ ಸೆನೆಟ್ಟಿನಲ್ಲಿ ಚರ್ಚೆಯಾಯಿತು. ಪೆನ್ಸಿಲ್ವೇನಿಯಾದ ಕೋವನ್ ನೇರವಾಗಿ ಕೇಳಿದರು. ಚೀನೀಯರ ಮಕ್ಕಳೂ, ಜಿಪ್ಸಿಗಳ ಮಕ್ಕಳೂ ಪೌರರಾಗುತ್ತಾರಾ? ಐರ್ಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಸೆನೆಟರ್ ಆಗಿದ್ದ ಜಾನ್ ಕಾನೆಸ್ ಎದ್ದು ನಿಂತು ಹೌದು, ಆಗಲಿ ಅಂದರು. ಅಂದರೆ ಯಾರ ಮಕ್ಕಳು ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆದರು. ಅದೇ ವರ್ಷದ ನಾಗರಿಕ ಹಕ್ಕು ಕಾಯ್ದೆಯಲ್ಲಿ ಇದೇ ಥರದ ಮಾತಿತ್ತು. ಕಾಯ್ದೆಯನ್ನು ಮುಂದಿನ ಬಹುಮತ ಕಿತ್ತುಹಾಕಬಹುದು ಅಂತಲೇ ಸಂವಿಧಾನಕ್ಕೆ ಸೇರಿಸಿದರು.

ಆಗ ಅಕ್ರಮ ವಲಸೆ ಅನ್ನುವುದೇ ಇರಲಿಲ್ಲವಲ್ಲ, ಅದರ ಬಗ್ಗೆ ಹೇಗೆ ಯೋಚಿಸುತ್ತಾರೆ ಅಂತ ಕೇಳುವವರಿದ್ದಾರೆ. ಒಳ್ಳೇ ಪ್ರಶ್ನೆ. ಉತ್ತರವೂ ಇದೆ. ಗುಲಾಮರನ್ನು ಹೊರಗಿನಿಂದ ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ಆದರೂ 1860ರಲ್ಲಿ ಕ್ಲೊಟಿಲ್ಡಾ ಹಡಗು ನೂರಕ್ಕೂ ಜಾಸ್ತಿ ಆಫ್ರಿಕನ್ನರನ್ನು ಕದ್ದು ಅಲಬಾಮಾಕ್ಕೆ ತಂದಿತು. ಕಾನೂನಿನ ಕಣ್ಣಿನಲ್ಲಿ ಅವರು ದೇಶದೊಳಗೆ ಬರಬಾರದವರು. ಅವರ ಮಕ್ಕಳು ಪೌರರಲ್ಲ ಅಂತ 14ನೇ ತಿದ್ದುಪಡಿ ಬರೆದವರು ಯಾರಾದರೂ ಹೇಳಿದರಾ? ಅವರಿಗಾಗಿಯೇ ತಾನೇ ಬರೆದದ್ದು!

ಇಲ್ಲೊಂದು ತಮಾಷೆ ಇದೆ. ಸಂವಿಧಾನವನ್ನು ಬರೆದ ಕಾಲದ ಅರ್ಥದಲ್ಲೇ ಓದಬೇಕು ಅಂತ ವರ್ಷಗಟ್ಟಲೆ ಪಾಠ ಹೇಳಿದವರಲ್ಲಿ ಕೆಲವರು ಈಗ ಹೊಸ ಅರ್ಥ ಹುಡುಕುತ್ತಿದ್ದಾರೆ. ಸಂವಿಧಾನ ಕಾಲದ ಜೊತೆ ಬೆಳೆಯಬೇಕು ಅನ್ನುತ್ತಿದ್ದ ನನ್ನಂಥವರು 1866ರ ಸೆನೆಟ್ ಚರ್ಚೆ ತೆಗೆದು ಕೂತಿದ್ದೇವೆ. ಕೈಯಲ್ಲಿರುವ ಕೇಸು ನೋಡಿ ಓದುವ ವಿಧಾನ ಆರಿಸಿಕೊಳ್ಳುವ ಚಾಳಿ ಎರಡೂ ಕಡೆ ಇದೆ. ಈ ಕೇಸಿನಲ್ಲಿ ಮಾತ್ರ ಹೇಗೆ ಓದಿದರೂ ಒಂದೇ ಉತ್ತರ ಅನ್ನುವುದು ನನ್ನ ಅಭಿಪ್ರಾಯ.

ಐದು ನಿಮಿಷ ಅಂತ ಕೈ ತೋರಿಸುತ್ತಿದ್ದಾರೆ. ನಮ್ಮ ದೇಶದ ಮಾತಿಗೆ ಬರುತ್ತೇನೆ. ಅದನ್ನೇ ಅರ್ಧ ಗಂಟೆ ಹೇಳಬೇಕು ಅಂದುಕೊಂಡಿದ್ದೆ.

ಹಿಂದಿನ ಸಾಲಿನವರು ಟ್ರಂಪನ್ನು ಬೈಯುವ ಮೊದಲು ಒಂದು ವಿಷಯ ಕೇಳಿಸಿಕೊಳ್ಳಿ. 1947ರ ಏಪ್ರಿಲ್ 29ರಂದು ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು ಹೇಳಿದರು, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಭಾರತೀಯರಿಗೆ ಆ ದೇಶದ ರಾಷ್ಟ್ರೀಯತೆ ಕೊಡಿ ಅಂತ ಕೇಳುತ್ತಿರುವ ನಾವು ಇಲ್ಲಿ ಸಂಕುಚಿತವಾಗಿ ಯೋಚಿಸುವುದು ಸರಿಯಲ್ಲ ಅಂತ. 1949ರ ಆಗಸ್ಟಿನಲ್ಲಿ ಅದೇ ಸಭೆಯಲ್ಲಿ ಪಂಜಾಬರಾವ್ ದೇಶಮುಖ್ ಇದಕ್ಕೆ ಉಲ್ಟಾ ಮಾತಾಡಿದರು. ಭಾರತದ ಪೌರತ್ವವನ್ನು ಭೂಮಿಯ ಮೇಲೇ ಅತಿ ಅಗ್ಗ ಮಾಡುತ್ತಿದ್ದೀರಿ ಅಂದರು. ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ವಿಧಿ ಇನ್ನೊಂದೇ ಒಂದು ಅಂತ ಅಂಬೇಡ್ಕರರೇ ಹೇಳಿಕೊಂಡರು. 1955ರ ಪೌರತ್ವ ಕಾಯ್ದೆಯಲ್ಲಿ ಪಟೇಲರ ದಾರಿಯೇ ಉಳಿಯಿತು. 1950ರ ಜನವರಿ 26ರಿಂದ ಇಲ್ಲಿ ಹುಟ್ಟಿದವರು ಪೌರರು. ಆಮೇಲೆ, ಹೊರದೇಶದಿಂದ ಬಂದು ನೆಲೆಸಿದವರ ವಿರುದ್ಧ ಅಸ್ಸಾಂ ಚಳವಳಿ ಬಂತು. 1987ರ ಜುಲೈ 1ರಿಂದ ಹುಟ್ಟಿದವರಿಗೆ ಅಪ್ಪ ಅಮ್ಮರಲ್ಲಿ ಒಬ್ಬರು ಪೌರರಾಗಿರಬೇಕು ಅಂತಾಯಿತು. 2004ರ ಡಿಸೆಂಬರ್ 3ರಿಂದ, ಒಬ್ಬರು ಪೌರರಾದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಟ್ರಂಪ್ ಈಗ ಮಾಡಹೊರಟಿದ್ದರಲ್ಲಿ ಬಹುಪಾಲನ್ನು ನಾವು ಮಾಡಿ ಮುಗಿಸಿ ತಲೆಮಾರೇ ಕಳೆದಿದೆ. ಯಾರೂ ಸಿಸೇರಿಯನ್‌ಗೆ ಓಡಲಿಲ್ಲ, ಏಕೆಂದರೆ ಅದು ನಮ್ಮ ಮಕ್ಕಳ ವಿಷಯವಾಗಿರಲಿಲ್ಲ.

ಕಾನೂನಿನಲ್ಲಿ ವ್ಯತ್ಯಾಸವಿದೆ, ಒಪ್ಪುತ್ತೇನೆ. ನಮ್ಮ 5ನೇ ವಿಧಿ ಸಂವಿಧಾನ ಜಾರಿಗೆ ಬಂದ ದಿನದ ಲೆಕ್ಕ ಮಾತ್ರ ಹೇಳುತ್ತದೆ. ಮುಂದಿನದನ್ನು 11ನೇ ವಿಧಿ ಸಂಸತ್ತಿಗೆ ಬಿಟ್ಟಿದೆ. ಹಾಗಾಗಿ ಇಲ್ಲಿ ಬರೀ ಕಾಯ್ದೆಯಿಂದ ಆಯಿತು. ಅಲ್ಲಿ ಸಂವಿಧಾನದ ಮೈಯಲ್ಲೇ ಬರೆದಿದೆ. ಅದನ್ನು ಬದಲಿಸಬೇಕಾದರೆ ತಿದ್ದುಪಡಿ ತರಬೇಕು, ಅಧ್ಯಕ್ಷರ ಸಹಿ ಸಾಲದು. ಕಾನೂನು ಪ್ರಕಾರ ನಾವು ಸರಿ. ನ್ಯಾಯದ ಪ್ರಕಾರ ಸರಿಯಾ ಅನ್ನುವುದು ಬೇರೆ.

ಇಲ್ಲಿಂದ ಎರಡು ಗಂಟೆ ದೂರದ ಬೈಲಕುಪ್ಪೆಗೆ ಹೋಗಿ. ಮೈಸೂರು ಸರ್ಕಾರ 1960ರ ಸುಮಾರಿಗೆ ಟಿಬೆಟನ್ನರಿಗೆ ಜಾಗ ಕೊಟ್ಟ ಊರು. 1986ರಲ್ಲಿ ಕಾಂಗ್ರಾದಲ್ಲಿ ಹುಟ್ಟಿದ ಟಿಬೆಟನ್ ಯುವತಿಯೊಬ್ಬರು ಪಾಸ್‌ಪೋರ್ಟ್ ಕೇಳಿದಾಗ, ನೀವು ಹುಟ್ಟಿನಿಂದಲೇ ಭಾರತೀಯರು ಅಂತ ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ, 1987ರ ಜುಲೈಗೆ ಮೊದಲು ಇಲ್ಲಿ ಹುಟ್ಟಿದ ಟಿಬೆಟನ್ನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂದಿತು. ಅಂದರೆ ಬೈಲಕುಪ್ಪೆಯ ಒಂದೇ ಮನೆಯಲ್ಲಿ 1987ರ ಮೇನಲ್ಲಿ ಹುಟ್ಟಿದ ಅಕ್ಕ ಭಾರತೀಯಳು. ಅದೇ ಅಪ್ಪ ಅಮ್ಮನಿಗೆ, ಆ ಅಪ್ಪ ಅಮ್ಮ ಟಿಬೆಟ್ಟಿನಲ್ಲಿ ಹುಟ್ಟಿ ಬಂದವರಾಗಿದ್ದರೆ, 1989ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಇಬ್ಬರೂ ಒಂದೇ ಶಾಲೆಯಲ್ಲಿ ಕನ್ನಡ ಕಲಿತಿರಬಹುದು. ಪಿರಿಯಾಪಟ್ಟಣದ ಪೊಲೀಸರು ಇಬ್ಬರನ್ನೂ ಹಿಡಿಯಬಹುದು.

ಅಸ್ಸಾಮಿನ ವಲಸಿಗರ ಪೌರತ್ವದ 6ಎ ಸೆಕ್ಷನ್ ತೀರ್ಪು, ಅಮೆರಿಕದ ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಅವರ ಕೇಸು, ಇವೆಲ್ಲ ಬರೆದುಕೊಂಡು ಬಂದಿದ್ದೆ. ಕಾಗದ ಮಡಚುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ. ವೀಸಾ ಸ್ಟಾಂಪಿಂಗ್ ಬಗ್ಗೆ ಮಾತ್ರ ಕೇಳಬೇಡಿ, ಅದಕ್ಕೆ ನಿಮ್ಮ ಮಕ್ಕಳೇ ನನಗಿಂತ ಮೇಲು.