ಖಾಲಿ ಜೀನಿನ ಕುದುರೆ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯವನು. ಚಿತ್ರ ಬಿಡಿಸುವುದೇ ನನ್ನ ಕೆಲಸ. ಕೆಲವು ವರ್ಷಗಳಿಂದ ಮನುಷ್ಯ ಮತ್ತು ಕುದುರೆಯ ನಂಟಿನ ಬೆನ್ನು ಹತ್ತಿದ್ದೇನೆ. ಗೋಣಿತಟ್ಟು, ಇದ್ದಿಲು, ಕಂಬಳಿಯ ಎಳೆ, ಹಳೇ ಚರ್ಮದ ಪಟ್ಟಿ, ಮಣ್ಣು, ಬಣ್ಣ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಸೇರಿಸುತ್ತೇನೆ. ಮಿಶ್ರ ಮಾಧ್ಯಮ ಅನ್ನುವುದು ಇದಕ್ಕೇ.

ಕುದುರೆಯ ಚಿತ್ರಗಳಿಗೆ ಹೆಸರಾದ ಎಂ.ಎಫ್. ಹುಸೇನ್ 1915ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಪಂಢರಪುರದಲ್ಲೇ. ನನಗೆ ಕುದುರೆಯ ಹುಚ್ಚು ಹಿಡಿಸಿದ್ದೂ ಪಂಢರಪುರದ ದಾರಿಯೇ, ಆಷಾಢದ ವಾರಿ, ಅಂದರೆ ವಿಠ್ಠಲನ ದರ್ಶನಕ್ಕೆ ಭಕ್ತರು ನಡೆದು ಹೋಗುವ ಯಾತ್ರೆ.

ಈ ಯಾತ್ರೆಯಲ್ಲಿ ಸಂತ ಜ್ಞಾನೇಶ್ವರರ ಪಾಲಖಿಯ, ಅಂದರೆ ಪಲ್ಲಕ್ಕಿಯ ಜೊತೆ ಎರಡು ಕುದುರೆ ಬರುತ್ತವೆ. ಅವು ಬರುವುದು ಚಿಕ್ಕೋಡಿ ಕಡೆಯ ಅಂಕಲಿಯಿಂದ, ಶಿತೋಳೆ ಮನೆತನದಿಂದ. ಕನ್ನಡ ನೆಲದಿಂದ, ಪಾಲಖಿ ಹೊರಡುವ ಆಳಂದಿಯವರೆಗೆ ನಡೆದೇ ಹೋಗುತ್ತವೆ! ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದಕ್ಕೆ ಜೀನು ಹಾಕಿದೆ, ಸವಾರ ಇಲ್ಲ. ಅಲ್ಲಿ ಮಾವುಲಿ, ಅಂದರೆ ಜ್ಞಾನೇಶ್ವರರೇ ಕೂತಿದ್ದಾರೆ ಎಂದು ವಾರಿಗೆ ಬರುವ ವಾರಕರಿಗಳ ನಂಬಿಕೆ.

ಮಾಳಶಿರಸ ತಾಲ್ಲೂಕಿನ ಖುಡೂಸಿನಲ್ಲಿ ನಾನು ರಿಂಗಣ, ಅಂದರೆ ದಾರಿಯಲ್ಲಿ ನಡೆಯುವ ಈ ಕುದುರೆಗಳ ಓಟ ನೋಡಿದೆ. ಸುತ್ತಲೂ ಜನ, ನಡುವೆ ಬಯಲು. ಖಾಲಿ ಜೀನಿನ ಆ ಕುದುರೆ ಸುತ್ತು ಹಾಕಿ ಓಡಿತು. ಓಟ ಮುಗಿದದ್ದೇ ತಡ, ಜನ ನುಗ್ಗಿ ಗೊರಸು ತುಳಿದ ಮಣ್ಣನ್ನು ಹಣೆಗೆ ಹಚ್ಚಿಕೊಂಡರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಹಣೆಗೂ ಹಚ್ಚಿದರು. ಒಂದು ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ.

ಆ ಮಣ್ಣಿಗೆ ಅಂಟು ಕಲಸಿ, ಗೋಣಿಯ ಮೇಲೆ ಸುಮ್ನೆ ದಪ್ಪಗೆ ಬಳಿದುಬಿಟ್ಟೆ. ಒಣಗಿದಂತೆ ಬಿರಿಯಿತು, ಅರ್ಧ ಉದುರಿಹೋಯಿತು. ಎಷ್ಟು ಸಂಕಟವಾಯಿತು ಗೊತ್ತಾ? ಈಗ ಮೊದಲು ಗೋಣಿಯನ್ನು ಹಲಗೆಗೆ ಅಂಟಿಸುತ್ತೇನೆ. ಸೀಮೆಸುಣ್ಣದ ಪುಡಿಗೆ ಅಂಟು ಬೆರೆಸಿ ತಳ ಕೊಡುತ್ತೇನೆ. ಆಮೇಲೆ ಬಟ್ಟೆಯಲ್ಲಿ ಜಾಲಿಸಿದ ಮಣ್ಣು, ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಜೂಲಿಗೆ ಕರಿ ಕಂಬಳಿಯ ಎಳೆ. ಕಣ್ಣಿಗೆ ಮಾತ್ರ ಬಣ್ಣ.

ನನ್ನ ಚಿತ್ರಗಳಲ್ಲಿ ಮನುಷ್ಯನ ಮುಖ ಕಡಿಮೆ, ಕೈ ಜಾಸ್ತಿ. ರಿಂಗಣಕ್ಕೆ ಮುಂಚೆ ಕುದುರೆ ನೋಡಿಕೊಳ್ಳುವವರು ಅದರ ಕೊರಳು ಸವರುತ್ತಾ ಏನೋ ಮಾತಾಡುತ್ತಿದ್ದರು. ಅಷ್ಟು ತಾಳ, ಅಷ್ಟು ಪಖವಾಜು, ಅಷ್ಟು ಗದ್ದಲ. ಆದರೂ ಕುದುರೆಯ ಕಿವಿ ಅವರತ್ತಲೇ ತಿರುಗಿತ್ತು. ಗಮನ ಎಲ್ಲಿದೆಯೋ ಕುದುರೆಯ ಕಿವಿ ಅಲ್ಲಿಗೆ ತಿರುಗುತ್ತದೆ, ಅಲ್ವಾ? ಅಂದಿನಿಂದ ನಾನು ಕಿವಿಯಿಂದಲೇ ಚಿತ್ರ ಶುರು ಮಾಡುತ್ತೇನೆ.

ಈಗ ಮನೆಯಲ್ಲಿ ಆ ಕುದುರೆಯದೇ ಚಿತ್ರ ಒಣಗುತ್ತಿದೆ. ಜೀನಿಗೆ ಹಳೇ ಚರ್ಮ ಹೊಲಿದಿದ್ದೇನೆ. ಅದರ ಮೇಲಿನ ಜಾಗಕ್ಕೆ ಏನನ್ನೂ ಹಚ್ಚಿಲ್ಲ, ಬರೀ ಗೋಣಿ. ಕುದುರೆಯ ಒಂದು ಕಿವಿ ಮಾತ್ರ ಹಿಂದಕ್ಕೆ, ಆ ಜಾಗದ ಕಡೆಗೆ ತಿರುಗಿದೆ.

ನಮಸ್ಕಾರ.