ಸರ್ವರ್ ಏಳುತ್ತಿಲ್ಲವೇ? ಗೋಡೆಯ ಪ್ಲಗ್‌ನಿಂದ ಶುರು ಮಾಡಿ

ನಮಸ್ಕಾರ. ಏಪ್ರಿಲ್, ಮೇ ಬಂತೆಂದರೆ ಬೆಂಗಳೂರಿನಲ್ಲಿ ಸಂಜೆ ಹೊತ್ತು ಗಾಳಿ, ಮಳೆ, ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕೊನೆಗೆ ಎಲ್ಲ ಸರಿಹೋದರೂ ಮನೆಯ ಸರ್ವರ್ (ಫೋಟೋ, ಫೈಲ್ ಇಟ್ಟುಕೊಂಡು ಸದಾ ಓಡುವ ಕಂಪ್ಯೂಟರ್) ಮಾತ್ರ ಏಳುವುದಿಲ್ಲ. ಆಗ ಬಹಳ ಜನ ಪೆನ್‌ಡ್ರೈವ್ ಹುಡುಕಿ ಓಎಸ್ (ಲಿನಕ್ಸ್, ವಿಂಡೋಸ್ ಥರದ ಮೂಲ ಸಾಫ್ಟ್‌ವೇರ್) ಮತ್ತೆ ಹಾಕೋಕೆ ಕೂರುತ್ತಾರೆ. ಇಲ್ಲಾಂದ್ರೆ "ಮದರ್‌ಬೋರ್ಡ್ ಹೋಗಿದೆ" ಅಂತ ತಾವೇ ತೀರ್ಮಾನ ಮಾಡಿ ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೊರಡುತ್ತಾರೆ. ಎರಡೂ ಬೇಡ ಅನ್ನುವುದು ನನ್ನ ಮಾತು. ಗೋಡೆಯ ಸಾಕೆಟ್‌ನಿಂದ ಶುರು ಮಾಡಿ, ಕರೆಂಟ್ ಬರುವ ದಾರಿಯಲ್ಲೇ ಒಳಗೆ ಹೋಗಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಆ ಡಿಸ್ಕ್‌ನಲ್ಲಿ ಮಕ್ಕಳ ಫೋಟೋ ಇದೆ, ಅಜ್ಜಿಯ ದನಿ ಇದೆ. ಅವಸರದಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿಬಿಟ್ಟರೆ ಯಾರು ವಾಪಸ್ ಕೊಡುತ್ತಾರೆ?

ಮೊದಲು ಅರ್ಥಿಂಗ್. ನಮ್ಮ ಎಷ್ಟೋ ಬಾಡಿಗೆ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತವೆ, ಮೇಲಿನ ದಪ್ಪ ತೂತಿಗೆ ಮಾತ್ರ ಹಿಂದೆ ವೈರೇ ಇರುವುದಿಲ್ಲ. ಕ್ಯಾಬಿನೆಟ್‌ನ ಲೋಹದ ಮೇಲೆ ಬೆರಳು ಸವರಿದರೆ ಜುಮ್ ಅನ್ನುತ್ತದೆ, ಅಲ್ವಾ? ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟ್‌ಗೆ ಇಳಿಸುವ ಡಬ್ಬಿ) ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಚಿಕ್ಕ ಫಿಲ್ಟರ್ ಕೆಪಾಸಿಟರ್ ಕ್ಯಾಬಿನೆಟ್‌ಗೆ ಸೇರಿರುತ್ತವೆ. ಅರ್ಥ್ ಇಲ್ಲದಿದ್ದರೆ ಆ ಲೋಹ 230 ವೋಲ್ಟ್‌ನ ಅರ್ಧಕ್ಕೆ, ಅಂದರೆ 115ರ ಹತ್ತಿರಕ್ಕೆ ಏರಿ ಕೂತಿರುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಬರೀ ಜುಮ್. ಆದರೆ ಟಿವಿಗೋ ಮಾನಿಟರ್‌ಗೋ ಕೇಬಲ್ ಚುಚ್ಚುವ ಆ ಒಂದು ಕ್ಷಣದಲ್ಲಿ ಪೋರ್ಟ್ ಸುಡಲು ಅಷ್ಟೇ ಸಾಕಾಗಬಹುದು. ಎಲೆಕ್ಟ್ರಿಷಿಯನ್ ಕರೆದು ಮೀಟರ್ ಹಿಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಸರಿ. ಓನರ್ ಹತ್ತಿರ ಇದನ್ನು ಕೇಳಲು ಸಂಕೋಚ ಬೇಡ. ಅದೇ ಅರ್ಥ್ ನಿಮ್ಮ ಗೀಸರ್‌ಗೂ ಬೇಕು.

ಮುಂದೆ ಯುಪಿಎಸ್, ಇನ್ವರ್ಟರ್. ಪೂರ್ತಿ ಲೋಡ್ ಇದ್ದಾಗ ಕಂಪ್ಯೂಟರ್ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆದುಕೊಳ್ಳಬೇಕಾದ ಸಮಯ ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಕರೆಂಟ್‌ನ ಒಂದು ಸುತ್ತೇ 20 ಮಿಲಿಸೆಕೆಂಡ್. ಲೈಟ್ ಮಿನುಗಿದ್ದು ನಿಮ್ಮ ಕಣ್ಣಿಗೆ ಬಿದ್ದೇ ಇರುವುದಿಲ್ಲ, ಸರ್ವರ್ ಆಗಲೇ ಬಿದ್ದಿರಬಹುದು. ಇಲ್ಲಿನ ಎಷ್ಟೋ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಚಿಕ್ಕ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಹೊತ್ತು ಜಾಸ್ತಿ ಬೇಕು. ಫ್ಯಾನ್‌ಗೆ ಪರವಾಗಿಲ್ಲ, ಸರ್ವರ್‌ಗೆ ಆಗುವುದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಇದೆಯಲ್ಲ ಅನ್ನುವವರೂ ಗಮನಿಸಿ. ಅದು ಶುರುವಾಗಲು ಕೆಲವು ಸೆಕೆಂಡ್ ಬೇಕು, ಆ ನಡುವೆ ಹಿಡಿದುಕೊಳ್ಳಲು ಯುಪಿಎಸ್ ಬೇಕೇ ಬೇಕು.

ಯುಪಿಎಸ್ ಇದ್ದರೂ ಅದರೊಳಗಿನ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಮೂರು ವರ್ಷ ದಾಟಿದ್ದರೆ ನಂಬಬೇಡಿ. ಪರೀಕ್ಷೆ ಸುಲಭ. ಯುಪಿಎಸ್‌ನಿಂದ ಸರ್ವರ್‌ನ ಪ್ಲಗ್ ಕಿತ್ತು, ಆ ಜಾಗಕ್ಕೆ ಒಂದು ದೊಡ್ಡ ಬಲ್ಬ್ ಹಾಕಿ, ಗೋಡೆಯ ಸ್ವಿಚ್ ಆರಿಸಿ. ತಕ್ಷಣ ಬಲ್ಬ್ ಆರಿದರೆ ಉತ್ತರ ಸಿಕ್ಕಿತು.

ಈಗ ಎಸ್‌ಎಂಪಿಎಸ್. ನಾನು ಜಾಸ್ತಿ ಹೊತ್ತು ಮಾತಾಡಬೇಕಾದ್ದು ಇದರ ಬಗ್ಗೆಯೇ. ಬಟನ್ ಒತ್ತುತ್ತೀರಿ, ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಬೋರ್ಡ್ ಸತ್ತಿದೆ ಅನ್ನುವ ಮುಂಚೆ ಎಲ್ಲ ಡಿಸ್ಕ್‌ಗಳ ಪವರ್ ಕೇಬಲ್ ಕಿತ್ತು, ಒಂದೇ ರ‍್ಯಾಮ್ ಉಳಿಸಿ ಮತ್ತೆ ಒತ್ತಿ. ಈಗ ಎದ್ದರೆ ಬೋರ್ಡ್ ಚೆನ್ನಾಗಿದೆ. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ನಿಂತಲ್ಲಿಂದ ತಿರುಗಲು ಶುರು ಮಾಡುವಾಗ 12 ವೋಲ್ಟ್ ಲೈನ್‌ನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಆರು ಡಿಸ್ಕ್ ಒಟ್ಟಿಗೆ ಎದ್ದರೆ 12 ಆಂಪಿಯರ್, ಅಂದರೆ 144 ವ್ಯಾಟ್. ತಿರುಗಲು ಶುರುವಾದ ಮೇಲೆ ಪ್ರತಿಯೊಂದಕ್ಕೂ ಬೇಕಾದ್ದು ಬರೀ ಕೆಲವು ವ್ಯಾಟ್. ಹಳೇ ಆಫೀಸ್ ಡೆಸ್ಕ್‌ಟಾಪ್ ತಂದು ಅದರ ಚಿಕ್ಕ ಎಸ್‌ಎಂಪಿಎಸ್ ಮೇಲೆ ಡಿಸ್ಕ್ ಮೇಲೆ ಡಿಸ್ಕ್ ಸೇರಿಸುತ್ತಾ ಹೋದವರ ಸರ್ವರ್ ತಿಂಗಳುಗಟ್ಟಲೆ ಚೆನ್ನಾಗಿ ಓಡಿ, ಒಮ್ಮೆ ಆಫ್ ಆದ ಮೇಲೆ ಏಳದೇ ಇರುವುದು ಇದಕ್ಕೇ.

ಎಸ್‌ಎಂಪಿಎಸ್‌ನಿಂದ ಬರುವ 24 ಪಿನ್ ಕನೆಕ್ಟರನ್ನು ಬೋರ್ಡ್‌ನಿಂದ ಬಿಚ್ಚಿ, ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ. ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಅದು ಪಾಸ್ ಅಲ್ಲ. ಮಲ್ಟಿಮೀಟರ್ ಹಿಡಿಯಿರಿ. ಡಿಸ್ಕ್ ಒಂದನ್ನು ಜೋಡಿಸಿ ಲೋಡ್ ಕೊಟ್ಟಾಗಲೂ ಹಳದಿ ವೈರ್ 11.4ರಿಂದ 12.6 ವೋಲ್ಟ್ ಒಳಗೇ ಇರಬೇಕು. ಕೆಲವು ಬ್ರ್ಯಾಂಡೆಡ್ ಮೆಷಿನ್‌ಗಳ ಕನೆಕ್ಟರ್ ಬೇರೆ ಥರ ಇರುತ್ತದೆ, ಅಲ್ಲಿ ಈ ಬಣ್ಣಗಳನ್ನು ನಂಬಿ ಕೈಹಾಕಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು.

ಇನ್ನು ಒಂದು ನಾಣ್ಯದಷ್ಟಿರುವ ವಸ್ತು: ಬೋರ್ಡ್ ಮೇಲಿನ ಸಿಆರ್2032 ಸೆಲ್. ಪ್ಲಗ್‌ನಲ್ಲಿ ಕರೆಂಟ್ ಇರುವ ತನಕ ಅದು ಸತ್ತಿದ್ದರೂ ಗೊತ್ತಾಗುವುದಿಲ್ಲ. ಕರೆಂಟ್ ಪೂರ್ತಿ ಹೋದ ದಿನ ಎಷ್ಟೋ ಬೋರ್ಡ್‌ಗಳಲ್ಲಿ ಬಯೋಸ್ (ಓಎಸ್‌ಗಿಂತ ಮೊದಲು ಏಳುವ, ಬೋರ್ಡ್‌ನದೇ ಸಾಫ್ಟ್‌ವೇರ್) ತನ್ನ ಸೆಟ್ಟಿಂಗ್ ಮರೆಯುತ್ತದೆ. ತಾರೀಖು ಹಿಂದಕ್ಕೆ ಹೋಗುತ್ತದೆ, ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಬದಲಾಗಬಹುದು, ಬೂಟ್ ಆರ್ಡರ್ (ಯಾವ ಡಿಸ್ಕ್‌ನಿಂದ ಮೊದಲು ಏಳಬೇಕು ಅನ್ನುವ ಸರದಿ) ಕೆಡಬಹುದು. ಪರದೆಯ ಮೇಲೆ ಬೂಟ್ ಡಿವೈಸ್ ಸಿಗಲಿಲ್ಲ ಅಂತ ಬರುತ್ತದೆ, ಡಿಸ್ಕ್ ಮಾತ್ರ ಗಟ್ಟಿಮುಟ್ಟಾಗಿರುತ್ತದೆ. ಸೆಲ್ ಬದಲಾಯಿಸಿ, ಸೆಟ್ಟಿಂಗ್ ಮತ್ತೆ ಕೂರಿಸಿ. ಹಾಗೇ ಕರೆಂಟ್ ವಾಪಸ್ ಬಂದಾಗ ಏನು ಮಾಡಬೇಕು ಅನ್ನುವ ಆಯ್ಕೆಯನ್ನು "ಪವರ್ ಆನ್" ಮಾಡಿ. "ಲಾಸ್ಟ್ ಸ್ಟೇಟ್" ನನಗೆ ಒಪ್ಪಿಗೆಯಿಲ್ಲ. ಯುಪಿಎಸ್ ಹೇಳಿದಂತೆ ಸರ್ವರ್ ನೀಟಾಗಿ ಶಟ್‌ಡೌನ್ ಆಗಿದ್ದರೆ ಅದರ ಕೊನೆಯ ಸ್ಥಿತಿ ಆಫ್, ಕರೆಂಟ್ ಬಂದರೂ ಅದು ಆಫ್ ಆಗಿಯೇ ಕೂರುತ್ತದೆ.

ಇಷ್ಟು ನೋಡಿದ ಮೇಲೆ ಓಎಸ್. ಸರ್ವರ್‌ಗೆ ಮಾನಿಟರ್ ಇರುವುದಿಲ್ಲ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಅದರೊಳಗೆ ಹೋಗುವ ದಾರಿ) ಸಿಗದಿದ್ದರೆ ಸತ್ತಿದೆ ಅಂದುಕೊಳ್ಳುತ್ತೇವೆ. ಸುಮ್ನೆ ಒಂದು ಮಾನಿಟರ್ ಹಾಕಿ ನೋಡಿ. ಲಿನಕ್ಸ್‌ನ ಎಫ್‌ಸ್ಟ್ಯಾಬ್‌ನಲ್ಲಿ (fstab, ಏಳುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯ ಫೈಲ್) ಬರೆದ ಒಂದು ಬ್ಯಾಕಪ್ ಡಿಸ್ಕ್ ಕಾಣದಿದ್ದರೂ ಸಿಸ್ಟಮ್‌ಡಿ (ಲಿನಕ್ಸ್ ಏಳುವಾಗ ಎಲ್ಲವನ್ನೂ ಶುರು ಮಾಡುವ ಪ್ರೋಗ್ರಾಂ) ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಎಮರ್ಜೆನ್ಸಿ ಮೋಡ್‌ಗೆ ಹೋಗಿ ಪಾಸ್‌ವರ್ಡ್ ಕೇಳುತ್ತಾ ನಿಂತಿರುತ್ತದೆ. ಬೂಟ್‌ಗೆ ಬೇಡದ ಡಿಸ್ಕ್‌ಗಳ ಸಾಲಿಗೆಲ್ಲ "ನೋಫೇಲ್" (nofail, ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು) ಸೇರಿಸಿ.

ಎದ್ದ ಮೇಲೆ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ ಕಮಾಂಡ್‌ಗೆ ಮೈನಸ್ ಬಿ, ಮೈನಸ್ 1 ಕೊಟ್ಟು (journalctl -b -1) ಹಿಂದಿನ ಬೂಟ್‌ನ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ. ಶಟ್‌ಡೌನ್‌ನ ಸುಳಿವೇ ಇಲ್ಲದೆ ಲಾಗ್ ಅಲ್ಲಿಗೇ ತುಂಡಾಗಿದ್ದರೆ ಪವರ್ ಕಡೆಯೇ ಹೆಚ್ಚು ಅನುಮಾನ ಪಡಬೇಕು. ಆಗ ಹೊಸ ಡಿಸ್ಕ್‌ಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಮೊದಲು ಒಳ್ಳೇ ಎಸ್‌ಎಂಪಿಎಸ್, ಆಮೇಲೆ ಯುಪಿಎಸ್ ಬ್ಯಾಟರಿ ತನ್ನಿ. ಯುಪಿಎಸ್ ಹಿಂದೆ ಯುಎಸ್‌ಬಿ ಪೋರ್ಟ್ ಇದ್ದರೆ ಅದನ್ನು ಸರ್ವರ್‌ಗೆ ಜೋಡಿಸಿ, ಯುಪಿಎಸ್ ಮೇಲೆ ಕಣ್ಣಿಡುವ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ. ಬ್ಯಾಟರಿ ಮುಗಿಯುವ ಮುಂಚೆ ಸರ್ವರ್ ತಾನೇ ಶಟ್‌ಡೌನ್ ಆಗುತ್ತದೆ.