ಚಪ್ಪಾಳೆ ಸಾಕು, ಸಾಕೆಟ್ ನೋಡಿ

ನಮಸ್ಕಾರ. ಒಂದು ಬಗೆಯ ವಿಡಿಯೋಗಳ ಮೇಲೆ ನನಗಿರುವ ಸಿಟ್ಟನ್ನು ಇವತ್ತು ಹೇಳಿಬಿಡುತ್ತೇನೆ. ನೀವೂ ನೋಡಿರುತ್ತೀರಿ. ಕಾಲು ಕಳೆದುಕೊಂಡ ಯುವಕನೊಬ್ಬ ಬಿಲ್ಲಿನಂತೆ ಬಾಗಿದ ಕಾರ್ಬನ್ ಪಟ್ಟಿಯ ಮೇಲೆ ಓಡುತ್ತಾನೆ, ಹಿನ್ನೆಲೆಯಲ್ಲಿ ಸಂಗೀತ ಏರುತ್ತದೆ, ಕೆಳಗೊಂದು ಸಾಲು: ‘ಇವನಿಗೇ ಆಗುವುದಾದರೆ ನಿಮಗೇನು ಧಾಡಿ?’ ಓಡುವವನ ಬಗ್ಗೆ ನನ್ನ ತಕರಾರಿಲ್ಲ. ಆ ಸಾಲು ಬರೆದವನು ಮಾತ್ರ ಎರಡೂ ಕಾಲಿದ್ದು ಸೋಫಾ ಬಿಡದವರಿಗೆ ಬುದ್ಧಿ ಹೇಳುತ್ತಿದ್ದಾನೆ. ಕಾಲು ಕಳೆದುಕೊಂಡವರಿಗೆ ಉಪಯೋಗಕ್ಕೆ ಬರುವ ಒಂದಕ್ಷರವೂ ಅದರಲ್ಲಿಲ್ಲ.

ಅವರಿಗೆ ಉಪಯೋಗಕ್ಕೆ ಬರುವುದು ಏನು? ಕೆಲಸ ಶುರುವಾಗುವುದು ಕೃತಕ ಕಾಲು ಕೈಗೆ ಬರುವುದಕ್ಕೆ ಬಹಳ ಮೊದಲು, ಹಾಸಿಗೆಯಲ್ಲೇ. ನೋಯುತ್ತದಲ್ಲ ಎಂದು ಮನೆಯವರು ಅಕ್ಕರೆಯಿಂದ ಮೊಣಕಾಲ ಕೆಳಗೆ ದಿಂಬು ಇಡುತ್ತಾರೆ. ರೋಗಿಗೂ ಹಿತವೆನಿಸುತ್ತದೆ. ಆದರೆ ದಿನವಿಡೀ ಮಡಚಿಕೊಂಡೇ ಇದ್ದ ಕೀಲು ಹಾಗೆಯೇ ಬಿಗಿದುಕೊಳ್ಳುತ್ತದೆ. ಆಮೇಲೆ ನೆಟ್ಟಗಾಗಲು ಒಪ್ಪುವುದಿಲ್ಲ. ಸೊಂಟದ ಕೀಲಿಗೂ ಅದೇ ಗತಿ. ಅದಕ್ಕೇ ಫಿಸಿಯೋಥೆರಪಿಸ್ಟ್ ಬಂದು ದಿಂಬು ತೆಗೆಸಿ, ‘ಸ್ವಲ್ಪ ಹೊತ್ತು ಬೋರಲು ಮಲಗಿ’ ಎನ್ನುವುದು. ಮನೆಯವರ ಕಣ್ಣಿಗೆ ಆಕೆ ಕಲ್ಲು ಮನಸ್ಸಿನವಳು. ಬಿಗಿದ ಕೀಲಿಗೆ ಎಷ್ಟೇ ದುಬಾರಿ ಕಾಲು ಜೋಡಿಸಿದರೂ ನಡಿಗೆ ಸರಿಹೋಗುವುದಿಲ್ಲ ಎಂಬುದು ಆಕೆಗೆ ಗೊತ್ತು.

ಆಮೇಲೆ ಸಾಕೆಟ್, ಅಂದರೆ ಉಳಿದ ಕಾಲು ಒಳಗೆ ಕೂರುವ ಭಾಗ. ಜಾಹೀರಾತುಗಳು ಪಾದವನ್ನೂ ಮೊಣಕಾಲಿನ ಯಂತ್ರವನ್ನೂ ತೋರಿಸುತ್ತವೆ. ತೊಡುವವರನ್ನು ಕೇಳಿ ನೋಡಿ, ಅವರ ಮಾತೆಲ್ಲ ಸಾಕೆಟ್ಟಿನದೇ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಬಾವು ಇಳಿದು ಉಳಿದ ಕಾಲು ಸಣ್ಣಗಾಗುತ್ತ ಹೋಗುತ್ತದೆ. ಬೆಳಿಗ್ಗೆ ಸರಿಯಾಗಿ ಕೂತದ್ದು ಸಂಜೆಗೆ ಸಡಿಲ. ಆಗ ಉಳಿದ ಕಾಲಿನ ಮೇಲೆ ಇನ್ನೊಂದು ಕಾಲುಚೀಲ ಏರಿಸಿಕೊಳ್ಳಬೇಕು, ಬೆವರಿದರೆ ಕಳಚಿ ಒರೆಸಿ ಮತ್ತೆ ತೊಡಬೇಕು. ರಾತ್ರಿ ಕಳಚಿದ ಮೇಲೆ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು. ಕೆಂಪು ಗುರುತು ಹತ್ತು ನಿಮಿಷವಾದರೂ ಮಾಸದಿದ್ದರೆ ಅಲ್ಲಿ ಸಾಕೆಟ್ ಒತ್ತುತ್ತಿರಬಹುದು, ಅದನ್ನು ತಯಾರಿಸಿದವರಿಗೆ ತೋರಿಸಬೇಕು. ಮಧುಮೇಹದಿಂದ ಕಾಲು ಕಳೆದುಕೊಂಡ ಎಷ್ಟೋ ಜನರಿಗೆ ಸ್ಪರ್ಶವೇ ಮಂದವಾಗಿರುತ್ತದೆ. ನೋವು ಎಚ್ಚರಿಸುವುದಿಲ್ಲ, ಕಣ್ಣೇ ಎಚ್ಚರಿಸಬೇಕು. ಒಂದು ಗುಳ್ಳೆ ಹುಣ್ಣಾಯಿತೆಂದರೆ ಕೃತಕ ಕಾಲು ವಾರಗಟ್ಟಲೆ ಮೂಲೆ ಸೇರುತ್ತದೆ. ಅಷ್ಟರಲ್ಲಿ ಗಳಿಸಿದ ಸ್ನಾಯುಬಲ ಕರಗಿರುತ್ತದೆ, ಮತ್ತೆ ಮೊದಲಿನಿಂದ ಆರಂಭ.

ಇಷ್ಟೆಲ್ಲ ತಾಪತ್ರಯದ ನಡುವೆ ಅವರು ನಡೆಯುತ್ತಾರಲ್ಲ, ಆ ನಡಿಗೆಯೇ ವ್ಯಾಯಾಮ. ಮೊಣಕಾಲಿನಿಂದ ಮೇಲಕ್ಕೆ ಕಾಲು ಕಳೆದುಕೊಂಡವರು ಅಷ್ಟೇ ದೂರ ನಡೆಯಲು ಉಳಿದವರಿಗಿಂತ ಅರ್ಧದಷ್ಟಾದರೂ ಹೆಚ್ಚು ಶಕ್ತಿ ಖರ್ಚು ಮಾಡುತ್ತಾರೆ. ಬೇಗ ದಣಿಯುತ್ತಾರೆ, ದಣಿವಿಗೆ ಹೆದರಿ ಕೂರುತ್ತಾರೆ, ಕೂತಷ್ಟೂ ಎದೆಗಸುವು ಕುಗ್ಗಿ ಮುಂದಿನ ಸಲ ಇನ್ನೂ ಬೇಗ ದಣಿಯುತ್ತಾರೆ. ಈ ಸುಳಿಯಿಂದ ಹೊರಗೆ ಬರಲು ಈಜು, ಕೈಯಿಂದ ಪೆಡಲು ತಿರುಗಿಸುವ ಸೈಕಲ್, ಕೂತು ಮಾಡುವ ತೂಕದ ವ್ಯಾಯಾಮ ಬೇಕು. ಗಟ್ಟಿಯಾಗಿರುವ ಇನ್ನೊಂದು ಕಾಲನ್ನು, ಬೆನ್ನನ್ನು ಕಾಪಾಡಿಕೊಳ್ಳುವುದಕ್ಕೂ ಅದು ಬೇಕು. ಹೆಚ್ಚಿನ ಭಾರವೆಲ್ಲ ಬೀಳುವುದು ಅವುಗಳ ಮೇಲೆಯೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೈಹಿಕ ಚಟುವಟಿಕೆಯ ಮಾರ್ಗಸೂಚಿ ಹೊರಡಿಸಿದಾಗ ಅಂಗವೈಕಲ್ಯವಿರುವ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮವನ್ನೇ ಶಿಫಾರಸು ಮಾಡಿತು. ಉಳಿದವರಿಗೆ ಎಷ್ಟೋ ಅಷ್ಟೇ. ರಿಯಾಯಿತಿ ಕೊಟ್ಟು ಮೂಲೆಯಲ್ಲಿ ಕೂರಿಸಲಿಲ್ಲ.

ಇದು ಹೊಸ ಜ್ಞಾನವೂ ಅಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ತೆರೆದ ವೈದ್ಯ ಲುಡ್ವಿಗ್ ಗಟ್‌ಮನ್, ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಆಟವನ್ನೇ ಚಿಕಿತ್ಸೆಯ ಭಾಗವಾಗಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಆವರಣದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹೂಡಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ನಾವು ಪದಕಗಳನ್ನು ನೆನಪಿಟ್ಟುಕೊಂಡೆವು. ಆಟ ಹುಟ್ಟಿದ್ದು ವಾರ್ಡಿನಲ್ಲಿ ಎಂಬುದನ್ನು ಮರೆತೆವು.

ಮರೆತದ್ದರ ಫಲ ಏನೆಂದರೆ, ಕೃತಕ ಕಾಲು ತೊಡಿಸಿದ ದಿನವೇ ಎಷ್ಟೋ ಕಡೆ ಫೈಲು ಮುಚ್ಚಿಹೋಗುತ್ತದೆ. ರೋಗಿ ನಾಲ್ಕು ಹೆಜ್ಜೆ ಹಾಕಿದ, ಎಲ್ಲರೂ ಚಪ್ಪಾಳೆ ತಟ್ಟಿದರು, ಮುಗಿಯಿತು. ಆರು ತಿಂಗಳ ನಂತರ ಆ ಕಾಲು ಇನ್ನೂ ಹೊಂದುತ್ತಿದೆಯೇ, ಮೆಟ್ಟಿಲು ಹತ್ತುತ್ತಾರೆಯೇ, ಬಿದ್ದರೆ ನೆಲದಿಂದ ಏಳಲು ಯಾರಾದರೂ ಕಲಿಸಿದ್ದಾರೆಯೇ ಎಂದು ಕೇಳುವವರಿಲ್ಲ. ನನ್ನ ಪ್ರಕಾರ ಕೃತಕ ಕಾಲು ಕೊಡಿಸುವ ಯಾವ ಯೋಜನೆಯೂ ಕೊಟ್ಟ ಕಾಲುಗಳ ಲೆಕ್ಕ ಹೇಳಿ ಬೆನ್ನು ತಟ್ಟಿಕೊಳ್ಳಬಾರದು. ಒಂದು ವರ್ಷದ ನಂತರವೂ ಎಷ್ಟು ಜನ ಅದನ್ನು ತೊಟ್ಟು ನಡೆಯುತ್ತಿದ್ದಾರೆ ಎಂಬ ಲೆಕ್ಕ ಕೊಡಲಿ. ಸಾಕೆಟ್ ಬದಲಿಸುವ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಲಿ.

ಜಿಮ್ ನಡೆಸುವವರಿಗೂ ಒಂದು ಮಾತು. ಕೃತಕ ಕಾಲಿನವರೋ ಗಾಲಿಕುರ್ಚಿಯವರೋ ಬಂದರೆ ‘ಡಾಕ್ಟರ್ ಚೀಟಿ ತನ್ನಿ’ ಎಂದು ಬಾಗಿಲಲ್ಲೇ ಸಾಗಹಾಕಬೇಡಿ. ಏನು ಮಾಡಿದರೆ ಆಗುತ್ತದೆ, ಏನು ಆಗದು ಎಂದು ಅವರನ್ನೇ ಕೇಳಿ. ಗಾಲಿಕುರ್ಚಿ ತಳ್ಳಿ ತಳ್ಳಿ ಭುಜ ಸವೆದವರಿಗೆ ಮುಂದಕ್ಕೆ ತಳ್ಳುವ ವ್ಯಾಯಾಮಕ್ಕಿಂತ ಹಿಂದಕ್ಕೆ ಎಳೆಯುವ ವ್ಯಾಯಾಮ ಹೆಚ್ಚು ಕೊಡಿ. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಅವರನ್ನು ಫ್ಯಾನಿನ ಹತ್ತಿರ ಕೂರಿಸಿ. ಕೃತಕ ಕಾಲು ಕಳಚಿ ವ್ಯಾಯಾಮ ಮಾಡುವವರಿಗೆ ಅದನ್ನು ಕೈಗೆಟಕುವಂತೆ ಇಡಲು ಒಂದು ಜಾಗ ಮಾಡಿಕೊಡಿ. ಮೊಬೈಲಿನಲ್ಲಿ ಚಿತ್ರೀಕರಿಸುವ ಮೊದಲು ಅವರ ಒಪ್ಪಿಗೆ ಕೇಳಿ, ಬೇಡವೆಂದರೆ ಮೊಬೈಲ್ ಜೇಬಿಗೆ ಹಾಕಿಕೊಳ್ಳಿ.